ಕಡಲ ಹದ್ದಿನ ಬಿಳಿ ಹೊಟ್ಟೆ, ಲ್ಯಾಂಟರ್ನ್ ಶಾರ್ಕಿನ ಬೆಳಗುವ ಹೊಟ್ಟೆ

ಹದ್ದೂ ಶಾರ್ಕೂ ಎದುರಾದರೆ ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆ ಮಕ್ಕಳ ವಿಡಿಯೊಗಳಲ್ಲಿ ಚೆನ್ನಾಗಿ ಓಡುತ್ತದೆ. ಉತ್ತರ ಮಾತ್ರ ಇಲ್ಲ, ಏಕೆಂದರೆ ಅವು ಎದುರಾಗುವುದೇ ಇಲ್ಲ. ಕಾರವಾರದ ಕಾಳಿ ಅಳಿವೆಯ ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದಿಗೆ ನೀರಿನ ಮೇಲ್ಪದರದ ಒಂದು ಗೇಣು ಮಾತ್ರ ಬೇಟೆಯ ಜಾಗ. ಆಳದ ಶಾರ್ಕ್‌ಗಳು ಇರುವುದು ಇಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನ ಆಸುಪಾಸು ಹೋದಮೇಲೆ, ಖಂಡದ ಅಂಚು ಮುಗಿದು ಕಡಲತಳ ಇಳಿಜಾರಾಗುವಲ್ಲಿ, 200 ಮೀಟರ್‌ನಿಂದ ಕೆಳಗೆ.

ಹಾಗಿದ್ದೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಳ್ಳೆಯ ಕಾರಣವಿದೆ. ಎರಡಕ್ಕೂ ತೊಡಕು ಒಂದೇ. ಬೆಳಕು ಬರುವುದು ಮೇಲಿನಿಂದ, ಬೇಟೆ ಇರುವುದು ಕೆಳಗೆ, ನಡುವೆ ತನ್ನ ಮೈ. ಆ ಮೈಯ ಕಪ್ಪು ಆಕಾರ ಕೆಳಗಿನ ಕಣ್ಣಿಗೆ ಬಿದ್ದರೆ ಅಂದಿನ ಊಟ ತಪ್ಪಿತು. ಈ ತೊಡಕನ್ನು ಹದ್ದು ಒಂದು ರೀತಿ ಬಿಡಿಸಿಕೊಂಡಿದೆ, ಶಾರ್ಕ್ ಇನ್ನೊಂದು ರೀತಿ.

ಮೊದಲು ಮೀನಿನ ಕಡೆಯಿಂದ ನೋಡೋಣ. ನೀರೊಳಗಿನ ಬಂಗಡೆಗೆ ಇಡೀ ಆಕಾಶ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರಿಂದ ದಿಗಂತದಿಂದ ದಿಗಂತದವರೆಗಿನ 180 ಡಿಗ್ರಿ ಆಕಾಶ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಕುಗ್ಗುತ್ತದೆ. ಮೀನು 30 ಸೆಂ.ಮೀ. ಆಳದಲ್ಲಿದ್ದರೆ ನೀರಿನ ಮೇಲ್ಮೈಯಲ್ಲಿ ಆ ಕಿಟಕಿಯ ಅಗಲ ಹೆಚ್ಚುಕಡಿಮೆ 68 ಸೆಂ.ಮೀ. ಅದರಾಚೆ ಕಾಣುವುದು ಕಡಲತಳದ ಪ್ರತಿಬಿಂಬ ಮಾತ್ರ. ಕುಗ್ಗುವಿಕೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅಂಚಿನಲ್ಲಿ ಅತಿ ಹೆಚ್ಚು. ದಿಗಂತದಿಂದ ಮೇಲಿನ ಮೊದಲ 10 ಡಿಗ್ರಿ ಆಕಾಶವೆಲ್ಲ ಕಿಟಕಿಯ ಅಂಚಿನ ಒಂದೇ ಡಿಗ್ರಿಯಲ್ಲಿ ಅಡಕವಾಗಿರುತ್ತದೆ. ಅಷ್ಟು ಓರೆಯಾಗಿ ಬಂದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೊಳಗೆ ಇಳಿಯದೆ ಮೇಲೇ ಪ್ರತಿಫಲಿಸಿ ಹೋಗುತ್ತದೆ. ಹೀಗಾಗಿ ತಗ್ಗಿನಲ್ಲಿ ಓರೆಯಾಗಿ ಬರುವ ಹಕ್ಕಿ ಮೀನಿಗೆ ಒಂದು ತೆಳ್ಳನೆಯ ಮಸುಕು ಗೆರೆ. ನೆಟ್ಟಗೆ ಮೇಲಿನಿಂದ ಬೀಳುವ ಹಕ್ಕಿಯಾದರೆ ಕಿಟಕಿಯ ನಡುಮಧ್ಯದಲ್ಲಿ ಕ್ಷಣಕ್ಷಣಕ್ಕೂ ದೊಡ್ಡದಾಗುತ್ತದೆ.

ಕಡಲ ಹದ್ದು ಬೇಟೆಗೆ ಇಳಿಯುವುದು ಹೀಗೆ ಓರೆಯಲ್ಲೇ. ಎತ್ತರದಿಂದ ಗುರುತಿಸಿ, ಜಾರುತ್ತ ತಗ್ಗಿಗೆ ಬಂದು, ಕೊನೆಯ ಹಂತದಲ್ಲಿ ನೀರಿಗೆ ಬಹುತೇಕ ಸಮಾನಾಂತರವಾಗಿ ಹಾರಿ, ಕಾಲು ಮುಂದೆ ಚಾಚಿ ಮೀನನ್ನು ಎತ್ತಿಕೊಂಡು ಹೋಗುತ್ತದೆ. ಮೈ ನೆನೆಯುವುದು ಅಪರೂಪ. ಚಳಿಗಾಲಕ್ಕೆ ನಮ್ಮ ಅಳಿವೆಗಳಿಗೆ ಬರುವ ಆಸ್ಪ್ರೆ ಎಂಬ ಮೀನು ಬೇಟೆಯ ಹಕ್ಕಿಯ ದಾರಿ ಬೇರೆ: ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಕಾಲು ಮುಂದಾಗಿ ನೀರಿಗೇ ಧುಮುಕಿ, ಒಂದು ಮೀಟರ್‌ವರೆಗೂ ಮುಳುಗಿ ಹಿಡಿಯುತ್ತದೆ. ಅದರ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಹೊರಬೆರಳು ಹಿಂದಕ್ಕೆ ತಿರುಗುತ್ತದೆ. ಕಡಲ ಹದ್ದಿಗೆ ಅಂಥ ಹೊರಬೆರಳಿಲ್ಲ. ಅದರ ಬದಲು ಆಸ್ಪ್ರೆ ಹಿಡಿದ ಮೀನನ್ನು ಗಾಳಿಯಲ್ಲೇ ಕಸಿದುಕೊಳ್ಳುವ ಧೈರ್ಯ ಇದೆ.

ಇನ್ನು ನೆರಳು. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ನೀರಿನಿಂದ 10 ಮೀಟರ್ ಮೇಲೆ ಹಾರುವ ಹಕ್ಕಿಯ ನೆರಳು 17 ಮೀಟರ್ ದೂರ ಬೀಳುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ಬಂದರೆ ಆ ನೆರಳು ಹಕ್ಕಿಗಿಂತ ಮುಂದೆ ಓಡಿ ಮೀನಿನ ಹಿಂಡಿಗೆ ಸುದ್ದಿ ಮುಟ್ಟಿಸುತ್ತದೆ. ಬಿಸಿಲಿನ ದಿನ ಕಡಲ ಹದ್ದು ಸೂರ್ಯನಿಗೆ ಎದುರಾಗಿಯೋ ಅಡ್ಡವಾಗಿಯೋ ಹಾರಿ ಬೇಟೆಯಾಡುವುದನ್ನು ಹಕ್ಕಿ ನೋಡುವವರು ಹಿಂದಿನಿಂದಲೂ ದಾಖಲಿಸಿದ್ದಾರೆ. ನೆರಳು ಆಗ ಹಿಂದೆ ಅಥವಾ ಬದಿಗೆ ಸರಿಯುತ್ತದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ ಇರುವ ನಮ್ಮ ಕರಾವಳಿಗೆ ಇದನ್ನು ಹೊಂದಿಸಿದರೆ ಬೆಳಿಗ್ಗೆ ಅನುಕೂಲದ ದಿಕ್ಕು ಕಡಲಿನಿಂದ ದಡದ ಕಡೆಗೆ, ಸಂಜೆ ದಡದಿಂದ ಕಡಲಿನ ಕಡೆಗೆ. ಗಾಳಿ ಈ ಲೆಕ್ಕವನ್ನು ಕೆಡಿಸುತ್ತದೆ. ಸೂರ್ಯನಿಗೆ ನೇರ ಎದುರಾದರೆ ನೀರಿನ ಮೇಲಿನ ಹೊಳಪು ಹದ್ದಿನ ಕಣ್ಣಿಗೇ ಹೊಡೆಯುವುದರಿಂದ ಅಡ್ಡ ಹಾರುವುದು ಒಂದು ರಾಜಿ ಸೂತ್ರ. ಮಾಜಾಳಿಯ ದಡದಲ್ಲೋ ಸದಾಶಿವಗಡದ ಗುಡ್ಡದ ಮೇಲೋ ಕುಳಿತು ನೋಡುವವರು ಪ್ರತಿ ಇಳಿತಕ್ಕೂ ಸಮಯ, ಹಾರಿದ ದಿಕ್ಕು, ಗಾಳಿಯ ದಿಕ್ಕು, ಸಿಕ್ಕಿತೋ ತಪ್ಪಿತೋ ಎಂಬ ನಾಲ್ಕು ಸಂಗತಿ ಬರೆದಿಟ್ಟರೆ ಇದನ್ನು ತಾವೇ ಪರೀಕ್ಷಿಸಬಹುದು. ಸಿಕ್ಕಿದ್ದನ್ನು ಮಾತ್ರ ಬರೆದು ತಪ್ಪಿದ್ದನ್ನು ಬಿಡುವುದು ಇಲ್ಲಿ ಎಲ್ಲರೂ ಮಾಡುವ ಎಡವಟ್ಟು.

ಬಿಳಿ ಹೊಟ್ಟೆಯ ಪಾತ್ರವೇನು? ಕೆಳಗಿನಿಂದ ನೋಡಿದಾಗ ಹೊಳೆಯುವ ಆಕಾಶದ ಎದುರು ಕಪ್ಪು ಹೊಟ್ಟೆಗಿಂತ ಬಿಳಿ ಹೊಟ್ಟೆ ಕಡಿಮೆ ಎದ್ದು ಕಾಣುತ್ತದೆ. ನೀರು, ಮರಳು, ಅಲೆಯ ನೊರೆಯಿಂದ ಮೇಲಕ್ಕೆ ಚಿಮ್ಮಿದ ಬೆಳಕನ್ನು ಬಿಳಿ ಗರಿ ಮತ್ತೆ ಕೆಳಕ್ಕೆ ಕಳಿಸುತ್ತದೆ. ಗಲ್ ಎಂಬ ಕಡಲ ಹಕ್ಕಿಗಳ ಮೇಲೆ 1980ರ ದಶಕದಲ್ಲಿ ನಡೆದ ಪ್ರಯೋಗಗಳು, ಬಿಳಿ ಹೊಟ್ಟೆಯಿದ್ದರೆ ಮೀನಿನ ಹತ್ತಿರಕ್ಕೆ ಹೋಗುವುದು ಸುಲಭ ಎಂಬುದನ್ನು ತೋರಿಸಿದವು. ಆದರೆ ಇದನ್ನೇ ಹಿಡಿದು ಜಗ್ಗಬಾರದು. ಕಡಲ ಹದ್ದಿನ ಮರಿ ಮೊದಲ ವರ್ಷಗಳಲ್ಲಿ ಕಂದು ಬಣ್ಣದ್ದು, ಅದೂ ಮೀನು ಹಿಡಿಯುತ್ತದೆ. ಕಾರವಾರದ ಮೀನು ಮಾರುಕಟ್ಟೆಯ ಮೇಲೆ ಸದಾ ಸುತ್ತುವ ಗರುಡನ ಹೊಟ್ಟೆ ಕೆಂಗಂದು, ಅದರ ಹೊಟ್ಟೆಯೂ ತುಂಬುತ್ತದೆ. ಬಿಳಿ ಬಣ್ಣ ಒಂದು ಸಹಾಯವೇ ಹೊರತು ಕಡ್ಡಾಯ ಶರತ್ತಲ್ಲ.

ಇದೇ ಬಿಳಿ ಬಣ್ಣವನ್ನು 300 ಮೀಟರ್ ಆಳಕ್ಕೆ ಒಯ್ದರೆ ಕೆಲಸಕ್ಕೆ ಬರುವುದಿಲ್ಲ. ತಿಳಿಯಾದ ಸಾಗರದ ನೀರಿನಲ್ಲಿಯೂ ಪ್ರತಿ 75 ಮೀಟರ್ ಇಳಿದಂತೆ ನೀಲಿ ಬೆಳಕು ಹತ್ತನೇ ಒಂದಕ್ಕೆ ಇಳಿಯುತ್ತದೆ, ಉಳಿದ ಬಣ್ಣಗಳು ಅದಕ್ಕೂ ಮುಂಚೆಯೇ ಮುಗಿದಿರುತ್ತವೆ. ಉಳಿದಷ್ಟು ಬೆಳಕೂ ಮೇಲಿನಿಂದ ಮಾತ್ರ. ಕೆಳಗಿನಿಂದ ಮೇಲಕ್ಕೆ ಮರಳುವ ಬೆಳಕು ಅದರ ನೂರನೇ ಒಂದು ಭಾಗವೂ ಇರುವುದಿಲ್ಲ. ಪ್ರತಿಫಲಿಸಲು ಬೆಳಕೇ ಇಲ್ಲದಲ್ಲಿ ಬಿಳಿ ಹೊಟ್ಟೆಯೂ ಕಪ್ಪೇ. ಅಲ್ಲಿ ಆಕಾರ ಅಡಗಿಸಬೇಕೆಂದರೆ ಹೊಟ್ಟೆ ತಾನೇ ಬೆಳಗಬೇಕು.

ಲ್ಯಾಂಟರ್ನ್ ಶಾರ್ಕ್‌ಗಳು ಮಾಡುವುದು ಅದನ್ನೇ. ಎಟ್ಮಾಪ್ಟೆರಸ್ ಎಂಬ ಈ ಕುಲದಲ್ಲಿ 30ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಅರ್ಧ ಮೀಟರ್ ದಾಟುವುದಿಲ್ಲ, ಎಲ್ಲಕ್ಕಿಂತ ಚಿಕ್ಕದು ಸುಮಾರು 20 ಸೆಂ.ಮೀ. ಹೊಟ್ಟೆಯ ಚರ್ಮದಲ್ಲಿ ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಅಗಲದ ಬೆಳಕಿನ ಅಂಗಗಳು ಒತ್ತೊತ್ತಾಗಿರುತ್ತವೆ. ಬರುವ ಬೆಳಕು ನೀಲಿ-ಹಸಿರು, ಮೇಲಿನಿಂದ ಇಳಿಯುವ ಬೆಳಕಿನ ಬಣ್ಣವೇ. ಕೆಳಗಿನಿಂದ ನೋಡುವ ಕಣ್ಣಿಗೆ ಶಾರ್ಕಿನ ಹೊಟ್ಟೆಯೂ ಅದರ ಸುತ್ತಲಿನ ನೀರೂ ಒಂದೇ ಪ್ರಕಾಶದಲ್ಲಿದ್ದರೆ ಆಕಾರ ಕರಗಿಹೋಯಿತು. ಬೇಟೆಗೂ ಕಾಣಿಸದು, ತನ್ನನ್ನು ತಿನ್ನಬಹುದಾದ ದೊಡ್ಡ ಮೀನಿಗೂ ಕಾಣಿಸದು.

ಈ ಬೆಳಕಿನ ಗುಂಡಿ ಒತ್ತುವುದು ಹೇಗೆ ಎಂಬುದು ಇನ್ನೂ ಸ್ವಾರಸ್ಯಕರ. ಬೆಳಗುವ ಎಲುಬುಮೀನುಗಳಲ್ಲಿ ಈ ಅಂಗಗಳನ್ನು ನರಗಳು ನಡೆಸುತ್ತವೆ, ಹಾಗಾಗಿ ಹೊತ್ತಿಸುವುದೂ ಆರಿಸುವುದೂ ತಕ್ಷಣ. ಲ್ಯಾಂಟರ್ನ್ ಶಾರ್ಕಿನಲ್ಲಿ ಹಾರ್ಮೋನು ನಡೆಸುತ್ತದೆ. ನಮಗೆ ನಿದ್ದೆಯ ಜೊತೆ ಪರಿಚಯವಿರುವ ಮೆಲಟೋನಿನ್, ಇಲ್ಲಿ ನಿಧಾನಕ್ಕೆ ಏರಿ ಗಂಟೆಗಟ್ಟಲೆ ಉಳಿಯುವ ಬೆಳಕು ಕೊಡುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಬೇಗ ಏರಿ ಬೇಗ ಇಳಿಯುವ ಬೆಳಕು ಕೊಡುತ್ತದೆ. ಅಟ್ಲಾಂಟಿಕ್‌ನ ಎಟ್ಮಾಪ್ಟೆರಸ್ ಸ್ಪೈನಾಕ್ಸ್ ಎಂಬ ಜಾತಿಯನ್ನು ನಾರ್ವೆಯ ಫ್ಯೋರ್ಡ್‌ಗಳಿಂದ ಹಿಡಿದು ನಡೆಸಿದ ಕೆಲಸದಿಂದ ಇದು ತಿಳಿದದ್ದು. ಇದರಿಂದ ಒಂದು ಮಿತಿಯೂ ಹುಟ್ಟುತ್ತದೆ. ಮೋಡ ಸರಿದಂತೆ, ಹೊತ್ತು ಇಳಿದಂತೆ ಪ್ರಕಾಶವನ್ನು ಚಕಚಕನೆ ಹೆಚ್ಚುಕಡಿಮೆ ಮಾಡಲು ಅದಕ್ಕೆ ಆಗದು. ತನ್ನ ಬೆಳಕಿಗೆ ಹೊಂದುವ ಆಳಕ್ಕೆ ತಾನೇ ಸರಿಯುತ್ತದೆ: ಮೇಲೆ ಬೆಳಕು ಹೆಚ್ಚಾದರೆ ಕೆಳಗೆ, ಕಡಿಮೆಯಾದರೆ ಮೇಲೆ. ಹದ್ದು ದಿಕ್ಕು ಬದಲಿಸಿ ನೆರಳನ್ನು ಸರಿಸಿದರೆ ಶಾರ್ಕ್ ಆಳ ಬದಲಿಸಿ ಆಕಾರವನ್ನು ಅಳಿಸುತ್ತದೆ.

ಬೆಳಗುವುದು ಚಿಕ್ಕ ಶಾರ್ಕ್‌ಗಳ ಗುಟ್ಟು ಮಾತ್ರವಲ್ಲ. 1.8 ಮೀಟರ್‌ವರೆಗೆ ಬೆಳೆಯುವ ಕೈಟ್‌ಫಿನ್ ಶಾರ್ಕ್ ಕೂಡ ಬೆಳಗುತ್ತದೆ ಎಂದು ನ್ಯೂಜಿಲೆಂಡ್ ಸಮುದ್ರದ ಮಾದರಿಗಳಿಂದ 2021ರಲ್ಲಿ ಪ್ರಕಟವಾಯಿತು. ಬೆಳಗುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಈಗ ತಿಳಿದಿರುವ ಅತಿ ದೊಡ್ಡದು ಅದೇ.

ಕಣ್ಣಿನ ವಿಷಯಕ್ಕೆ ಬಂದರೆ ಎರಡೂ ಹಿಡಿದದ್ದು ತದ್ವಿರುದ್ಧ ದಾರಿ. ಅಕ್ಷಿಪಟದ ಮೇಲಿನ ಜಾಗ ಸೀಮಿತ. ಅದರಲ್ಲಿ ಸಣ್ಣ ಸಣ್ಣ ಶಂಕುಕೋಶಗಳನ್ನು ಒತ್ತಾಗಿ ತುಂಬಿ ಪ್ರತಿಯೊಂದರ ಸುದ್ದಿಯನ್ನೂ ಬೇರೆಬೇರೆ ಕಳಿಸಿದರೆ ವಿವರ ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕು ಧಾರಾಳ ಬೇಕು. ದಂಡಕೋಶಗಳನ್ನು ತುಂಬಿ ಹಲವುಗಳ ಸುದ್ದಿಯನ್ನು ಒಟ್ಟು ಮಾಡಿದರೆ ಚೂರು ಬೆಳಕೂ ಸಾಕು, ಆದರೆ ವಿವರ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವ ಕಣ್ಣು ಇಲ್ಲ.

ಹದ್ದು ವಿವರವನ್ನು ಆರಿಸಿಕೊಂಡಿದೆ. ಅದರ ಪ್ರತಿ ಕಣ್ಣಿನಲ್ಲೂ ತೀಕ್ಷ್ಣ ನೋಟದ ಗುಳಿ ಎರಡು: ಒಂದು ಬದಿಗೆ ನೋಡಲು, ಇನ್ನೊಂದು ಮುಂದಕ್ಕೆ ನೋಡಲು. ಮನುಷ್ಯನ ಕಣ್ಣಿಗೆ ಒಂದೇ ಗುಳಿ. ಆಸ್ಟ್ರೇಲಿಯಾದ ವೆಡ್ಜ್-ಟೇಲ್ಡ್ ಹದ್ದಿನ ಮೇಲೆ 1980ರ ದಶಕದಲ್ಲಿ ನಡೆದ ಅಳತೆಯಲ್ಲಿ ನೋಟದ ತೀಕ್ಷ್ಣತೆ ಮನುಷ್ಯನ ಎರಡು-ಎರಡೂವರೆ ಪಟ್ಟು ಎಂದು ಬಂತು. ಹದ್ದಿನ ಕಣ್ಣು ಮನುಷ್ಯನದ್ದಕ್ಕಿಂತ ಎಂಟು ಪಟ್ಟು ಚುರುಕು ಎಂದು ವಾಟ್ಸಾಪ್‌ನಲ್ಲಿ ಓಡಾಡುವುದಕ್ಕೆ ಅಳತೆಯ ಆಧಾರ ಕಾಣುವುದಿಲ್ಲ. ಬೆಳಕು ಇಳಿದರೆ ಈ ಚುರುಕೂ ಬೇಗ ಕುಸಿಯುತ್ತದೆ. ಮಸುಕಾದ ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸ ಗುರುತಿಸುವುದರಲ್ಲಿ ಬೇಟೆ ಹಕ್ಕಿಗಳು ನಮಗಿಂತ ಹಿಂದೆಯೇ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕೆಂಪು ನೀರು ಹೊತ್ತು ತಂದು ಅಳಿವೆಯನ್ನು ಕದಡಿದಾಗ ಅಲ್ಲಿ ಮೀನು ಹುಡುಕುವುದು ಹದ್ದಿಗೆ ಕಷ್ಟ. ಇದರ ಜೊತೆ ಬೆಳಕಿನ ಬಾಗು ಬೇರೆ: ನೆಟ್ಟಗೆ ಮೇಲಿನಿಂದ ನೋಡಿದರೆ 40 ಸೆಂ.ಮೀ. ಆಳದ ಮೀನು 30 ಸೆಂ.ಮೀ.ಯಲ್ಲಿ ಇದ್ದಂತೆ ಕಾಣುತ್ತದೆ, ಓರೆಯಲ್ಲಿ ನೋಡಿದಷ್ಟೂ ತಪ್ಪು ಹೆಚ್ಚು. ಮೇಲ್ಮೈಗೆ ತೀರಾ ಹತ್ತಿರವಿರುವ ಬೇಟೆಯನ್ನೇ ಹದ್ದು ಆರಿಸುವುದಕ್ಕೆ ಕಾಲಿನ ಉದ್ದ ಒಂದು ಕಾರಣವಾದರೆ ಇದು ಇನ್ನೊಂದು. ಉಸಿರಾಡಲು ಮೇಲೆ ಬರಲೇಬೇಕಾದ ಕಡಲಹಾವು ಅದಕ್ಕೆ ಇಷ್ಟದ ಊಟವಾದದ್ದೂ ಹೀಗೇ. ಗೂಡಿನ ಬುಡದಲ್ಲಿ ಮೀನಿನ ಮುಳ್ಳಿನ ಜೊತೆ ಹಾವಿನ ಪಕ್ಕೆಲುಬು, ಬೆನ್ನುಮೂಳೆಯ ಸರ ಬಿದ್ದಿರುತ್ತದೆ.

ಆಳದ ಶಾರ್ಕ್ ಬೆಳಕಿನ ಚೂರನ್ನು ಆರಿಸಿಕೊಂಡಿದೆ. ಅಕ್ಷಿಪಟದಲ್ಲಿ ಹೆಚ್ಚುಕಡಿಮೆ ಎಲ್ಲವೂ ದಂಡಕೋಶಗಳೇ, ಅವು ಚುರುಕಾಗಿರುವುದು ನೀಲಿ ಬೆಳಕಿಗೆ. ಅದರ ಹಿಂದೆ ಗ್ವಾನಿನ್ ಹರಳುಗಳ ಕನ್ನಡಿಪದರ. ಮೊದಲ ಸಲ ಕೋಶಗಳ ಕೈತಪ್ಪಿದ ಬೆಳಕನ್ನು ಅದು ಎರಡನೇ ಸಲ ಅವುಗಳ ಮೇಲೇ ಹಾಯಿಸುತ್ತದೆ. ದಡದ ಹತ್ತಿರದ ಹಲವು ಶಾರ್ಕ್‌ಗಳು ಹಗಲಿನಲ್ಲಿ ಈ ಕನ್ನಡಿಯನ್ನು ಕಪ್ಪು ವರ್ಣಕದಿಂದ ಮುಚ್ಚಿಕೊಳ್ಳಬಲ್ಲವು. ಆಳದ ಶಾರ್ಕಿಗೆ ಆ ಪರದೆ ಇಲ್ಲ, ಬೇಕಾಗಿಯೂ ಇಲ್ಲ. ಬಲೆಯಲ್ಲಿ ಮೇಲೆ ಬಂದ ಆಳದ ಶಾರ್ಕಿನ ಕಣ್ಣು ದೊಡ್ಡದಾಗಿ ಹಸಿರಾಗಿ ಹೊಳೆಯುವುದು ಈ ಪದರದಿಂದ.

ಕಣ್ಣಿಗೆ ನಿಲುಕದ ಕೊನೆಯ ಗೇಣಿನಲ್ಲಿ ಶಾರ್ಕಿಗೆ ಇನ್ನೊಂದು ಇಂದ್ರಿಯವಿದೆ, ಹದ್ದಿಗಿಲ್ಲ. ಮೂತಿಯ ಮೇಲಿನ ರಂಧ್ರಗಳಿಂದ ಒಳಹೋಗುವ, ಲೋಳೆ ತುಂಬಿದ ಸಣ್ಣ ಕೊಳವೆಗಳವು. 1678ರಲ್ಲಿ ಸ್ಟೆಫಾನೊ ಲೊರೆಂಜಿನಿ ಇವನ್ನು ವಿವರಿಸಿದ, ಕೆಲಸ ಏನೆಂದು ತಿಳಿಯಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಬೇಟೆಯ ಮೈಯಿಂದ ಹೊಮ್ಮುವ ವಿದ್ಯುತ್ತನ್ನು ಇವು ಗ್ರಹಿಸುತ್ತವೆ. ಪ್ರಯೋಗಗಳಲ್ಲಿ ಕೆಲವು ಶಾರ್ಕ್‌ಗಳು ಸೆಂಟಿಮೀಟರಿಗೆ 5 ನ್ಯಾನೊವೋಲ್ಟ್‌ನಷ್ಟು ಕ್ಷೇತ್ರಕ್ಕೂ ಪ್ರತಿಕ್ರಿಯಿಸಿವೆ. ಒಂದು 1.5 ವೋಲ್ಟ್ ಶೆಲ್ಲಿನ ಎರಡು ತುದಿಗಳನ್ನು 3000 ಕಿ.ಮೀ. ದೂರ ಇಟ್ಟರೆ ನಡುವೆ ಸಿಗುವ ಕ್ಷೇತ್ರ ಅಷ್ಟು. ಬೇಟೆಯ ವಿದ್ಯುತ್ತು ದೂರಕ್ಕೆ ಹರಿಯುವುದಿಲ್ಲವಾದ್ದರಿಂದ ಇದರ ಉಪಯೋಗ ಒಂದೆರಡು ಗೇಣಿನೊಳಗೆ.

ಭಾರದ ಲೆಕ್ಕ ಹೀಗಿದೆ. ಹೆಣ್ಣು ಕಡಲ ಹದ್ದು 2.5ರಿಂದ 4.5 ಕೆ.ಜಿ. ತೂಗುತ್ತದೆ, ಗಂಡು ಅದಕ್ಕಿಂತ ಹಗುರ, ರೆಕ್ಕೆಯ ಹರಹು 1.8ರಿಂದ 2.2 ಮೀಟರ್. ಇದರ ಬಂಧುಗಳಲ್ಲಿ ಒಂದು ಅಮೆರಿಕದ ಬಾಲ್ಡ್ ಈಗಲ್. ಸುಮಾರು 4 ಕೆ.ಜಿ. ತೂಗಿದ ಅಂಥ ಒಂದು ಹಕ್ಕಿಯನ್ನು ಬಿಡಿಸಿ ತೂಗಿದಾಗ ಎಲುಬುಗೂಡು ಸುಮಾರು 270 ಗ್ರಾಂ, ಗರಿಗಳು ಸುಮಾರು 680 ಗ್ರಾಂ ಬಂದವು. ಎಲುಬಿಗಿಂತ ಗರಿಯೇ ಭಾರ! ಗರಿ ನೆನೆದರೆ ಏನಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಎತ್ತಲಾಗದ ಮೀನಿಗೆ ಉಗುರು ಹಾಕಿದ ಹದ್ದು ನೀರಿಗೆ ಬಿದ್ದರೆ ರೆಕ್ಕೆಯನ್ನೇ ಹುಟ್ಟಿನಂತೆ ಹಾಕುತ್ತ ದಡ ಸೇರುವುದನ್ನು ಬಾಲ್ಡ್ ಈಗಲ್‌ನಲ್ಲಿ ಧಾರಾಳವಾಗಿ ನೋಡಿದ್ದಾರೆ. ಉಗುರು ಒಮ್ಮೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದೆ ಮುಳುಗುತ್ತದೆ ಎನ್ನುವುದು ಕಟ್ಟುಕಥೆ. ಬೆರಳಿನ ಸ್ನಾಯುರಜ್ಜುವಿಗೆ ಬಿಗಿಹಿಡಿಯುವ ಏರ್ಪಾಡು ಇರುವುದು ನಿಜ, ಆದರೆ ಬೇಕೆಂದಾಗ ಸಡಿಲಿಸಲೂ ಬರುತ್ತದೆ.

ಶಾರ್ಕಿಗೆ ಎಲುಬುಮೀನುಗಳಿಗಿರುವ, ತೇಲಲು ನೆರವಾಗುವ ಗಾಳಿಚೀಲವಿಲ್ಲ. ಆಳದಲ್ಲಿ ಅದು ಇಲ್ಲದಿರುವುದೇ ವಾಸಿ, 1000 ಮೀಟರ್ ಕೆಳಗೆ ಒತ್ತಡ ಮೇಲಿನದ್ದಕ್ಕಿಂತ ನೂರು ಪಟ್ಟು. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಗಲ್ಪರ್ ಶಾರ್ಕ್‌ಗಳಂಥ ಆಳದ ಶಾರ್ಕ್‌ಗಳಲ್ಲಿ ಲಿವರ್ ಒಂದೇ ದೇಹದ ತೂಕದ ಐದನೇ ಒಂದರಿಂದ ನಾಲ್ಕನೇ ಒಂದರವರೆಗೆ ಇರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಎಣ್ಣೆ. ಎಣ್ಣೆಯ ಮುಖ್ಯ ವಸ್ತು ಸ್ಕ್ವಾಲೀನ್. 1906ರಲ್ಲಿ ಜಪಾನಿನ ಮಿತ್ಸುಮಾರು ತ್ಸುಜಿಮೊಟೊ ಶಾರ್ಕ್ ಎಣ್ಣೆಯಲ್ಲೇ ಇದನ್ನು ಕಂಡದ್ದು. ಲೀಟರ್ ಸ್ಕ್ವಾಲೀನ್ 0.86 ಕೆ.ಜಿ., ಲೀಟರ್ ಕಡಲ ನೀರು 1.026 ಕೆ.ಜಿ. ಒಂದು ಕಿಲೋ ಎಣ್ಣೆ ನೀರಿನಲ್ಲಿ ಸುಮಾರು 190 ಗ್ರಾಂ ಭಾರ ಎತ್ತುತ್ತದೆ. 10 ಕೆ.ಜಿ.ಯ ಶಾರ್ಕಿನಲ್ಲಿ 2.2 ಕೆ.ಜಿ. ಲಿವರ್, ಅದರ ಶೇ. 80 ಎಣ್ಣೆ ಎಂದಿಟ್ಟುಕೊಳ್ಳಿ: ಎತ್ತುವ ಬಲ ಸುಮಾರು 340 ಗ್ರಾಂ. ಉಳಿದ ಮಾಂಸ, ಮೃದ್ವಸ್ಥಿ, ಚರ್ಮದ ಸಾಂದ್ರತೆ 1.07ರಷ್ಟಿದ್ದರೆ ಅವು ಮುಳುಗಿಸುವ ಭಾರವೂ ಸುಮಾರು 340 ಗ್ರಾಂ. ಇವೆರಡು ಸಮವಾದಾಗ ಶಾರ್ಕ್ ಏನೂ ಶ್ರಮವಿಲ್ಲದೆ ಒಂದೇ ಆಳದಲ್ಲಿ ನಿಂತಿರಬಲ್ಲದು.

ಬೆಲೆ ಇಲ್ಲದೆ ಇದು ಸಿಗುವುದಿಲ್ಲ. ಅಷ್ಟು ಎಣ್ಣೆ ಕೂಡಿಡಲು ಊಟ ಬೇಕು, ಆಳಕ್ಕೆ ಹೋದಷ್ಟೂ ಊಟ ಕಡಿಮೆ. ಶಾರ್ಕ್‌ಗಳು 3000 ಮೀಟರಿನಿಂದ ಕೆಳಗೆ ಬಹುತೇಕ ಇಲ್ಲದಿರುವುದಕ್ಕೆ ಇದೊಂದು ಕಾರಣ ಎಂದು ಸಂಶೋಧಕರು ಹೇಳುತ್ತಾರೆ. ದಾಖಲೆಯ ಆಳ ಪೋರ್ಚುಗೀಸ್ ಡಾಗ್‌ಫಿಶ್‌ನದ್ದು, 3675 ಮೀಟರ್. ಎಲುಬುಮೀನುಗಳು ಅದಕ್ಕಿಂತ ಎಷ್ಟೋ ಕೆಳಗೆ ಬದುಕಿವೆ.

ಅರಬ್ಬಿ ಸಮುದ್ರದಲ್ಲಿ ಇನ್ನೊಂದು ಅಡಚಣೆಯಿದೆ. ಇಲ್ಲಿ ಸರಿಸುಮಾರು 150ರಿಂದ 1000 ಮೀಟರ್ ನಡುವಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ 210 ಮಿ.ಲೀ. ಆಮ್ಲಜನಕವಿದ್ದರೆ ಕಾರವಾರದ ಬಿಸಿ ಮೇಲ್ನೀರಿನಲ್ಲಿ ನಾಲ್ಕೂವರೆ ಮಿ.ಲೀ.ಯಷ್ಟು, ಆ ಪದರದಲ್ಲಿ ಅರ್ಧ ಮಿ.ಲೀ.ಗಿಂತಲೂ ಕಡಿಮೆ. ಹದ್ದಿನ ಮೈ 40 ಡಿಗ್ರಿ ಬಿಸಿ. ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವಂತೆ ಗಾಳಿಚೀಲಗಳ ಸಾಲೇ ಇದೆ. ಅದು ದುಡಿದು ಖರ್ಚು ಮಾಡುವ ಪ್ರಾಣಿ. 1000 ಮೀಟರ್ ಆಳದ ಎಂಟೊಂಬತ್ತು ಡಿಗ್ರಿ ನೀರಿನಲ್ಲಿ ಶಾರ್ಕ್ ಉಳಿಸಿ ಬದುಕುವ ಪ್ರಾಣಿ.

ಉಳಿಸಿ ಬದುಕುವ ಪ್ರಾಣಿ ಮರಿ ಹಾಕುವುದರಲ್ಲೂ ನಿಧಾನ. ಗಲ್ಪರ್ ಶಾರ್ಕ್ ಒಂದು ಬಸಿರಿಗೆ ಸಾಮಾನ್ಯವಾಗಿ ಒಂದೋ ಎರಡೋ ಮರಿ ಹಾಕುತ್ತದೆ, ಗರ್ಭದ ಅವಧಿ ಎರಡು ವರ್ಷದಷ್ಟು. ಕಡಲ ಹದ್ದು ಇಡುವುದು ಎರಡು ಮೊಟ್ಟೆ, ಕಾವು ಸುಮಾರು 40 ದಿನ, ಮರಿ ಹಾರಲು ಇನ್ನೊಂದು 70-80 ದಿನ, ಬಹಳ ಸಲ ಉಳಿಯುವುದು ಒಂದೇ. ಹಾಗಾಗಿ ಬೆಳೆದ ಜೋಡಿ ಹೋದರೆ ತುಂಬಲು ವರ್ಷಗಳು ಬೇಕು. ಹದ್ದಿಗೆ ಕಾನೂನಿನ ರಕ್ಷಣೆಯಿದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ. ಆದರೆ ಗೂಡಿಗೆ ಬೇಕಾದ ಎತ್ತರದ ಹಳೆಯ ಮರಗಳು, ಅದರಲ್ಲೂ ದಡದ ಹತ್ತಿರದ ಮಾವು, ಗಾಳಿಮರಗಳು, ಹೆದ್ದಾರಿ 66ರ ಅಗಲೀಕರಣದ ಜೊತೆಗೆ ಸಾಕಷ್ಟು ಹೋದವು. ನೇತ್ರಾಣಿಯಂಥ ದ್ವೀಪಗಳಲ್ಲಿ ಆ ಕಾಟ ಕಡಿಮೆ. ಶಾರ್ಕಿನ ಕಡೆ, ಕೇರಳದ ಆಳಸಮುದ್ರ ಮೀನುಗಾರಿಕೆಯಲ್ಲಿ ಗಲ್ಪರ್ ಮತ್ತು ಬ್ರಾಂಬಲ್ ಶಾರ್ಕ್‌ಗಳನ್ನು ಲಿವರ್ ಎಣ್ಣೆಗಾಗಿ ಹಿಡಿದದ್ದುಂಟು. ಮುಖಕ್ಕೆ ಹಚ್ಚುವ ಕ್ರೀಮಿಗೆ ಬೇಕಾದ ಇದೇ ಸ್ಕ್ವಾಲೀನ್ ಆಲಿವ್ ಎಣ್ಣೆಯಿಂದಲೂ ಕಬ್ಬಿನ ಸಕ್ಕರೆಯಿಂದಲೂ ಸಿಗುವಾಗ ಎರಡು ವರ್ಷ ಬಸಿರು ಹೊರುವ ಪ್ರಾಣಿಯಿಂದ ತೆಗೆಯುವುದು ನಮಗೆ ಒಪ್ಪುವ ಮಾತಲ್ಲ.

ಹದ್ದನ್ನು ನೋಡಲು ಹೋಗುವವರಿಗೆ. 8×42 ಬೈನಾಕ್ಯುಲರ್ ಸಾಕು. ಬೆಳಿಗ್ಗೆ ತಡವಾಗಿ, ಕಡಲ ಗಾಳಿ ಎದ್ದು ಗುಡ್ಡಕ್ಕೆ ಬಡಿದು ಮೇಲೇರತೊಡಗಿದ ಮೇಲೆ, ಅಂಚಿನ ಮೇಲೆ ಸುತ್ತುವುದನ್ನು ಕಾಯಬೇಕು. ತೇಲುವಾಗ ರೆಕ್ಕೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರಕ್ಕೆ ಎತ್ತಿರುತ್ತದೆ, ಬಾಲ ಗಿಡ್ಡ, ಬೆಣೆಯಾಕಾರ. ಕೆಳಗಿನಿಂದ ಮೈಯೂ ರೆಕ್ಕೆಯ ಮುಂಭಾಗವೂ ಬಿಳಿ, ಹಾರುಗರಿ ಕಪ್ಪು. ಗರುಡ ಇದರ ಮುಂದೆ ಚಿಕ್ಕದು, ಬಾಲ ದುಂಡು. ಆಸ್ಪ್ರೆಯ ರೆಕ್ಕೆ ಮಣಿಕಟ್ಟಿನಲ್ಲಿ ಬಾಗಿರುತ್ತದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಮರಿಹದ್ದಿನ ಕಂದು ಬಣ್ಣ ನೋಡಿ ಬೇರೆ ಜಾತಿಯೆಂದು ಬರೆಯುವುದು ಮಾಮೂಲಿ ತಪ್ಪು, ಬಾಲದ ಬೆಣೆ ಮತ್ತು ರೆಕ್ಕೆಯ ‘ವಿ’ ನೋಡಿದರೆ ತಪ್ಪದು. ಗೂಡಿನ ಮರದ ಬುಡಕ್ಕೆ ಹೋಗಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಹಕ್ಕಿ ಎದ್ದು ಕೂಗತೊಡಗಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ. ಕಾವು ಬಿಟ್ಟೆದ್ದ ಗೂಡಿನ ಮೊಟ್ಟೆಗೆ ಬಿಸಿಲೂ ಕಾಗೆಯೂ ಕಾದಿರುತ್ತವೆ.

ಬೈತಖೋಲ, ತದಡಿ, ಕಾಸರಕೋಡಿನ ಬಂದರುಗಳಲ್ಲಿ ಸಿಗುವ ಸಣ್ಣ ಶಾರ್ಕ್‌ಗಳು ಬಹುಪಾಲು ದಡದ ಜಾತಿಗಳು. ಚೂಪು ಚಪ್ಪಟೆ ಮೂತಿಯ ಬೂದು ಮೋರಿ ಶಾರ್ಕ್ ಅಂಥದ್ದು, ಅದಕ್ಕೆ ಸಣ್ಣ ಕಣ್ಣು, ಬೆನ್ನುರೆಕ್ಕೆಯ ಮುಂದೆ ಮುಳ್ಳಿಲ್ಲ, ಬಾಲಕ್ಕೂ ಹೊಟ್ಟೆರೆಕ್ಕೆಗೂ ನಡುವೆ ಅಡಿಯಲ್ಲಿ ಗುದರೆಕ್ಕೆ ಇದೆ. ಹಲವು ದಿನ ಕಡಲಲ್ಲಿರುವ ಟ್ರಾಲ್ ಬೋಟು ಅಂಚಿನಾಚೆ ಬಲೆ ಎಳೆದಿದ್ದರೆ ರಾಶಿಯಲ್ಲಿ ಹುಡುಕಬೇಕಾದದ್ದು: ಗುದರೆಕ್ಕೆ ಇಲ್ಲ, ಎರಡೂ ಬೆನ್ನುರೆಕ್ಕೆಗಳ ಮುಂದೆ ಒಂದೊಂದು ಮುಳ್ಳು, ದೊಡ್ಡ ಹಸಿರು ಕಣ್ಣು, ಕಣ್ಣಿನ ಹಿಂದೆ ಉಸಿರಿನ ರಂಧ್ರ, ಕಡು ಬಣ್ಣ. ಈ ಐದೂ ಇದ್ದರೆ ಅದು ಆಳದ್ದು. ಕೈಗೆ ದಪ್ಪ ಗವುಸು ಹಾಕಿ, ಮುಳ್ಳು ಚುಚ್ಚಿದರೆ ಗಾಯ ಉರಿಯುತ್ತದೆ.

ಉದ್ದ ಅಳೆಯುವಾಗ ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸಬೇಡಿ. ಶಾರ್ಕನ್ನು ಬದಿಗೆ ಮಲಗಿಸಿ, ಬಾಲ ನೇರ ಮಾಡಿ, ಪಕ್ಕದಲ್ಲಿ ನೆಲದ ಮೇಲೆ ಟೇಪು ಹಾಸಿ ಮೂತಿಯ ತುದಿಯಿಂದ ಬಾಲದ ತುದಿಗೆ ನೇರ ಅಳತೆ ತೆಗೆಯಿರಿ. ಗಂಡಾದರೆ ಹೊಟ್ಟೆರೆಕ್ಕೆಯ ಒಳಬದಿಯಲ್ಲಿ ಎರಡು ಕ್ಲಾಸ್ಪರ್ (ಕೂಡಲು ಬಳಸುವ ಉದ್ದನೆಯ ಅಂಗ) ಇರುತ್ತವೆ, ಅವು ಗಟ್ಟಿಯಾಗಿದ್ದರೆ ಬೆಳೆದ ಗಂಡು. ಫೋಟೊ ಪೂರ್ತಿ ಬದಿಯಿಂದ ಒಂದು, ಹೊಟ್ಟೆಯಿಂದ ಒಂದು, ಬಾಯಿ ತೆರೆದು ಮೇಲಿನ ಕೆಳಗಿನ ಹಲ್ಲು ಕಾಣುವಂತೆ ಒಂದು, ಪ್ರತಿ ಮುಳ್ಳಿನದ್ದೊಂದು. ಲ್ಯಾಂಟರ್ನ್ ಶಾರ್ಕ್ ಎಂಬ ಗುಮಾನಿ ಇದ್ದರೆ ಹೊಟ್ಟೆರೆಕ್ಕೆಯ ಮೇಲಿನ ಪಕ್ಕೆಯಲ್ಲಿರುವ ಕಪ್ಪು ಗುರುತಿನ ಆಕಾರ ಸ್ಪಷ್ಟವಾಗಿ ಬರಬೇಕು, ಜಾತಿ ಗುರುತಿಸುವವರು ಮೊದಲು ಕೇಳುವುದು ಅದನ್ನೇ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಒದ್ದೆ ಚರ್ಮ ಮಿಂಚಿ ಆ ಗುರುತು ಹೋಗುತ್ತದೆ, ಬೆಳಕು ಬದಿಯಿಂದ ಬರಲಿ. ಐಸಿನಲ್ಲಿ ದಿನಗಟ್ಟಲೆ ಬಿದ್ದ ಮೇಲೆ ಬಣ್ಣ ನಂಬುವ ಹಾಗಿಲ್ಲ.

ಆಳವನ್ನು ಕೇಳುವಾಗ ಒಂದು ಎಚ್ಚರ. ‘ಎಷ್ಟು ವಯರ್ ಬಿಟ್ಟಿದ್ರಿ?’ ಎಂದು ಕೇಳಿ ಅದನ್ನೇ ಆಳವೆಂದು ಬರೆದರೆ ಲೆಕ್ಕ ಪೂರ್ತಿ ತಪ್ಪು. ಟ್ರಾಲ್ ಬಲೆಗೆ ಬಿಡುವ ವಯರ್ ಸಾಮಾನ್ಯವಾಗಿ ಆಳದ ಮೂರು ಪಟ್ಟಿನಷ್ಟು, ಆಳ ಕಡಿಮೆಯಿದ್ದಲ್ಲಿ ಇನ್ನೂ ಹೆಚ್ಚು. ಆಳ ಅಳೆಯುವ ಎಕೋ ಸೌಂಡರಿನಲ್ಲಿ ಎಷ್ಟು ತೋರಿಸಿತ್ತು ಎಂದು ಬೋಟು ನಡೆಸುವ ತಾಂಡೇಲರನ್ನೇ ಕೇಳಿ, ಉತ್ತರ ಮೀಟರಿನಲ್ಲೋ ಮಾರಿನಲ್ಲೋ ಎಂಬುದನ್ನೂ ಜೊತೆಗೇ ಬರೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವುದರಿಂದ ಬಂದರಿನ ಕೆಲಸವೆಲ್ಲ ಆಗಸ್ಟ್‌ನಿಂದಲೇ. ದಾಖಲೆಯನ್ನು ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರಕ್ಕೋ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗಕ್ಕೋ ಫೋಟೊ ಸಮೇತ ಮುಟ್ಟಿಸಬಹುದು. ಸಾಧ್ಯವಾದರೆ ಮೀನನ್ನೂ ಜೊತೆಗೆ ಕೊಡಿ, ಹಲ್ಲು ಮತ್ತು ಚರ್ಮದ ಮುಳ್ಳು ನೋಡದೆ ಫೋಟೊ ಒಂದರಿಂದಲೇ ಹೇಳಲಾಗದ ಜಾತಿಗಳು ಈ ಗುಂಪಿನಲ್ಲಿ ಬಹಳ.